ಜಾಂಬೋಟಿಗೆ ಹೊರಡುವ ಮುನ್ನವೇ ಮಾಡ್ಯೂಲ್ ತುಂಬಿಕೊಳ್ಳಿ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಇಳಿಯುವ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಜಾಂಬೋಟಿ. ಇನ್ನೂ ಪಡುವಣಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿ. ಇಂಥ ಕಾಡಂಚಿನ ಮನೆಗೆ ನಾನು ಸೂಚಿಸುವ ಜೋಡಿ ಒಂದೇ: ಸಿಮ್ ಹಾಕಿದ ಯುಎಸ್‌ಬಿ ಡಾಂಗಲ್, ಅದಕ್ಕೊಂದು ಸಣ್ಣ ರೂಟರ್. ರೂಟರಿನೊಳಗೆ ಕಂಪನಿ ತುಂಬಿ ಕಳಿಸಿದ ಸಾಫ್ಟ್‌ವೇರ್ ಬೇಡ, ಓಪನ್‌ಡಬ್ಲ್ಯೂಆರ್‌ಟಿ ಇರಲಿ. 2002ರ ಕೊನೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ರೂಟರಿನಲ್ಲಿ ಲಿನಕ್ಸ್ ಇದ್ದದ್ದು ಗೊತ್ತಾಗಿ, ಅದರ ಮೂಲ ಸಂಕೇತವನ್ನು ಕಂಪನಿ ಬಿಡುಗಡೆ ಮಾಡಬೇಕಾಯಿತು. ಅದರ ಮೇಲೆ 2004ರಲ್ಲಿ ಹುಟ್ಟಿದ ಯೋಜನೆಯೇ ಓಪನ್‌ಡಬ್ಲ್ಯೂಆರ್‌ಟಿ. ಹೆಸರೂ ಆ ರೂಟರಿನದೇ.

ಡಾಂಗಲನ್ನು ರೂಟರ್ ಗುರುತಿಸಲು ಅದರ ಡ್ರೈವರ್ ಮಾಡ್ಯೂಲ್ ಬೇಕು. ಮಾಡ್ಯೂಲ್ ಅಂದರೆ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಬೇಕಾದಾಗ ಸೇರಿಸುವ, ಬೇಡವಾದಾಗ ತೆಗೆಯುವ ತುಣುಕು. ಓಪನ್‌ಡಬ್ಲ್ಯೂಆರ್‌ಟಿಗೂ ಹಿಂದೆ ಲಿನಕ್ಸ್ ರೂಟರ್ ಪ್ರಾಜೆಕ್ಟ್ ಇತ್ತು. ಇಡೀ ಫೈರ್‌ವಾಲ್ 1.44 ಎಂಬಿ ಫ್ಲಾಪಿಯಲ್ಲಿ ಕೂರುತ್ತಿತ್ತು. ಹಳೆ ಪಿಸಿಗೆ ಎರಡು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಆ ಕಾರ್ಡುಗಳ ಮಾಡ್ಯೂಲನ್ನಷ್ಟೇ ಆರಿಸಿ ಫ್ಲಾಪಿಗೆ ಹಾಕಬೇಕಿತ್ತು. ಎನ್‌ಇ2000 ಜಾತಿಯ ಕಾರ್ಡಿಗೆ ಮೊದಲು 8390 ಮಾಡ್ಯೂಲ್, ಆಮೇಲೆ ಕಾರ್ಡಿನದು. ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದರೆ ಒಗ್ಗರಣೆ ಸಿಡಿಯದು. ಇಲ್ಲಿಯೂ ಕ್ರಮ ತಪ್ಪಿದರೆ ಕಾರ್ಡ್ ಏಳದು. ಎಲ್ಲ ಮುಗಿದ ಮೇಲೆ ಫ್ಲಾಪಿಗೆ ಉಳಿಸಲು ಮರೆತರೆ, ಕರೆಂಟ್ ಹೋದೊಡನೆ ಮಾಡಿದ್ದೆಲ್ಲ ಮಾಯ. ಆ ಶಿಸ್ತು ನನಗೆ ಇವತ್ತಿಗೂ ಪ್ರಿಯ. ಯಂತ್ರದೊಳಗೆ ಏನಿದೆ, ಯಾಕಿದೆ ಎಂಬುದು ಅದನ್ನು ನಡೆಸುವವನಿಗೆ ಗೊತ್ತಿರುತ್ತಿತ್ತು.

ಈಗ ಯಾವ ಮಾಡ್ಯೂಲ್ ಯಾವುದನ್ನು ನೆಚ್ಚಿದೆ ಎಂಬುದನ್ನು ಪ್ಯಾಕೇಜುಗಳೇ ನೋಡಿಕೊಳ್ಳುತ್ತವೆ. ಆದರೆ ಜಾಂಬೋಟಿಯಂಥ ಕಡೆ ಬೇರೆ ತೊಡಕು. ಇಂಟರ್ನೆಟ್ ಬರಬೇಕಾದರೆ ಡಾಂಗಲಿನ ಡ್ರೈವರ್ ಬೇಕು. ಆ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು! ಮೊಬೈಲಿನಲ್ಲಿ ಇಳಿಸಿ ದಾಟಿಸೋಣವೆಂದರೆ, ಮಾಡ್ಯೂಲ್ ಅದೇ ಕರ್ನಲ್‌ಗೆಂದು ಕಟ್ಟಿದ್ದಾಗಿರಬೇಕು. ಆವೃತ್ತಿ ಹತ್ತಿರದ್ದಿದ್ದರೆ ಸಾಲದು, ಅದೇ ಆಗಬೇಕು. ಅದಕ್ಕೇ ನನ್ನ ಸಲಹೆ: ಬೆಳಗಾವಿಯಲ್ಲೇ, ಗಟ್ಟಿ ಸಂಪರ್ಕ ಇರುವ ಕಡೆ ಕುಳಿತು ಓಪನ್‌ಡಬ್ಲ್ಯೂಆರ್‌ಟಿ ತಾಣದ ಫರ್ಮ್‌ವೇರ್ ಸೆಲೆಕ್ಟರ್‌ನಲ್ಲಿ ನಿಮ್ಮ ರೂಟರಿನ ಮಾದರಿ ಹುಡುಕಿ. ಪ್ಯಾಕೇಜುಗಳ ಪಟ್ಟಿಗೆ ಡಾಂಗಲಿನ ಮಾಡ್ಯೂಲ್ ಸೇರಿಸಿ, ಎಲ್ಲ ಒಳಗೊಂಡ ಇಮೇಜನ್ನೇ ಕಟ್ಟಿಸಿಕೊಳ್ಳಿ. ಹೀಗೆ ಒಳಗೇ ಸೇರಿದ ಮಾಡ್ಯೂಲ್ ಫ್ಲ್ಯಾಷ್‌ನಲ್ಲಿ ಹಿಡಿಯುವ ಜಾಗವೂ ಆಮೇಲೆ ಹಾಕಿದ್ದಕ್ಕಿಂತ ಕಡಿಮೆ.

ಯಾವ ಮಾಡ್ಯೂಲ್? ಡಾಂಗಲಿನ ಪೆಟ್ಟಿಗೆಯ ಮೇಲಿನ ಹೆಸರು ನಂಬಬೇಡಿ, ಯುಎಸ್‌ಬಿ ಗುರುತಿನ ಸಂಖ್ಯೆ ನೋಡಿ. ಹುವಾವೇ ಇ3372 ತೆಗೆದುಕೊಳ್ಳಿ. ಅದರ ಹೈಲಿಂಕ್ ಮಾದರಿ ಚುಚ್ಚಿದೊಡನೆ ಸಿಡಿ ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ, ಸಂಖ್ಯೆ 12ಡಿ1:1ಎಫ್01. ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ತಂತ್ರಾಂಶ ಅದನ್ನು ಎಬ್ಬಿಸಿದ ಮೇಲೆ 12ಡಿ1:14ಡಿಸಿ ಆಗುತ್ತದೆ. ಆಗಷ್ಟೇ ಸಿಡಿಸಿ-ಈಥರ್ ಮಾಡ್ಯೂಲ್ ಅದನ್ನು ನೆಟ್‌ವರ್ಕ್ ಕಾರ್ಡಾಗಿ ಹಿಡಿಯುತ್ತದೆ. ಇದೇ ಡಾಂಗಲಿನ ಸ್ಟಿಕ್ ಮಾದರಿಗೆ ಹುವಾವೇ-ಸಿಡಿಸಿ-ಎನ್‌ಸಿಎಂ ಬೇಕು. ಕ್ವಾಲ್‌ಕಾಮ್ ಚಿಪ್ಪಿನ ಹಲವಕ್ಕೆ ಕ್ಯೂಎಂಐ. ಗೊಂದಲವೆಂದು ಇರುವುದನ್ನೆಲ್ಲ ತುಂಬುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 8 ಎಂಬಿ ಫ್ಲ್ಯಾಷ್‌ನ ರೂಟರಿನಲ್ಲಿ ಆ ಧಾರಾಳತನಕ್ಕೆ ಜಾಗವಿಲ್ಲ. ಯಾವ ಮಾಡ್ಯೂಲ್ ಏರಿದೆ, ಅದನ್ನು ಯಾವುದು ಬಳಸುತ್ತಿದೆ ಎಂದು ಎಲ್‌ಎಸ್‌ಮಾಡ್ ಆಜ್ಞೆ ಒಂದೇ ಪರದೆಯಲ್ಲಿ ತೋರಿಸುತ್ತದೆ. ಓದಿ ಅರ್ಥವಾಗುವಷ್ಟು ಚಿಕ್ಕದಿರಲಿ ಆ ಪಟ್ಟಿ.

ಡ್ರೈವರ್ ಏರಿತೆಂದರೆ ಕೆಲಸ ಮುಗಿಯಲಿಲ್ಲ. ರೂಟರಿನಿಂದ ಪಿಂಗ್ ಹೋಗುತ್ತದೆ, ಮನೆಯ ಕಂಪ್ಯೂಟರಿನಿಂದ ಮಾತ್ರ ಏನೂ ತೆರೆಯುವುದಿಲ್ಲ. ಆಗ ಡಾಂಗಲನ್ನು ದೂರಬೇಡಿ, ಟವರನ್ನೂ ದೂರಬೇಡಿ. ಹೊಸ ಇಂಟರ್‌ಫೇಸು ಫೈರ್‌ವಾಲಿನ ವ್ಯಾನ್, ಅಂದರೆ ಹೊರಜಾಲದ, ವಲಯಕ್ಕೆ ಸೇರಿದೆಯೇ, ಮೊದಲು ಅದನ್ನು ನೋಡಿ. ಯಾವ ವಲಯಕ್ಕೂ ಸೇರದ ಇಂಟರ್‌ಫೇಸಿನತ್ತ ಮನೆಯ ದಟ್ಟಣೆಯನ್ನು ಫೈರ್‌ವಾಲ್ ದಾಟಿಸುವುದಿಲ್ಲ, ದಾಟಿಸಲೂಬಾರದು. ಕೆಲವರು ಬೇಸತ್ತು ಅದನ್ನು ಲ್ಯಾನ್, ಅಂದರೆ ಮನೆಜಾಲದ, ವಲಯಕ್ಕೇ ಸೇರಿಸುತ್ತಾರೆ. ಹೊರಗಿನವರನ್ನು ಮನೆಯವರೆಂದು ನಂಬುವಂತೆ ರೂಟರಿಗೆ ಹೇಳಿದಂತಾಯಿತು ಅದು, ಅಪಾಯದ ಕೆಲಸ.

ಮತ್ತೊಂದು ಮಾತು ವಿದ್ಯುತ್ತಿನದು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್. ಸಿಗ್ನಲ್ ಕ್ಷೀಣವಿದ್ದಲ್ಲಿ ಡಾಂಗಲ್ ಟವರನ್ನು ಮುಟ್ಟಲು ಹೆಚ್ಚು ಎಳೆಯುತ್ತದೆ. ಡಾಂಗಲ್ ಆಗಾಗ ಬಿಟ್ಟು ಬಿಟ್ಟು ಹೋಗುತ್ತಿದ್ದರೆ ಮಾಡ್ಯೂಲ್ ಬದಲಿಸುವ ಮೊದಲು, ತನ್ನದೇ ಅಡಾಪ್ಟರ್ ಇರುವ ಹಬ್ ಹಾಕಿ ನೋಡಿ.

ಹೊಸ ರೂಟರ್ ಕೊಳ್ಳುವವರು 16 ಎಂಬಿ ಫ್ಲ್ಯಾಷ್, 128 ಎಂಬಿ ರ‍್ಯಾಮ್‌ಗಿಂತ ಕಡಿಮೆಯದನ್ನು ಮುಟ್ಟಬೇಡಿ. 4 ಎಂಬಿ ಫ್ಲ್ಯಾಷ್‌ನವು ಈಗಿನ ಆವೃತ್ತಿಗೆ ಸಾಲವು. ಕಟ್ಟಿಸಿಕೊಂಡ ಇಮೇಜು, ಸೆಟ್ಟಿಂಗ್‌ಗಳ ಬ್ಯಾಕಪ್ಪು, ಹಾಕಿದ ಪ್ಯಾಕೇಜುಗಳ ಪಟ್ಟಿ, ಈ ಮೂರನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ರೂಟರಿನ ಪಕ್ಕದಲ್ಲೇ ಇಡಿ. ಮಿರಗದ ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಸಿ.