ಹಿಮದಡಿಯ ತಿಮಿಂಗಿಲ ಯಾರಿಗೆ ಕಂಡಿತು?

ಸ್ಥಳೀಯ ಅರಿವು ಮತ್ತು ವಿಜ್ಞಾನಗಳ 'ಬೆಸುಗೆ' ಎಂಬ ಮಾತು ಇಂದು ಪರಿಸರ ಶಿಕ್ಷಣದ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಹಿತವಾದ ಮಾತೇ. ಆದರೆ ಬೆಸೆಯುವ ಕೈ ಯಾರದು ಎಂದು ನಾವು ಕೇಳದಿದ್ದರೆ ಅದು ಬರೀ ಸೌಜನ್ಯವಾಗಿ ಉಳಿಯುತ್ತದೆ.

1977ರಲ್ಲಿ ಅಲಾಸ್ಕದ ಕಡಲಲ್ಲಿ ಬೋಹೆಡ್ ತಿಮಿಂಗಿಲಗಳು ಹೆಚ್ಚೆಂದರೆ 2,000 ಉಳಿದಿವೆ ಎಂದು ವಿಜ್ಞಾನಿಗಳು ಅಂದಾಜಿಸಿದರು. ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ಬೇಟೆಯನ್ನು ನಿಷೇಧಿಸಿತು. ಇನುಯಿಟ್ ಬಳಗದ ಇನುಪಿಯಾಟ್ ಬೇಟೆಗಾರರು ಒಪ್ಪಲಿಲ್ಲ. "ನೀವು ತೆರೆದ ನೀರಿನಲ್ಲಿ ಕಂಡದ್ದನ್ನಷ್ಟೇ ಎಣಿಸಿದ್ದೀರಿ, ಅವು ಹಿಮದ ಕೆಳಗೂ ಈಜುತ್ತವೆ, ತಲೆಯಿಂದ ಹಿಮ ಒಡೆದು ಉಸಿರಾಡುತ್ತವೆ" ಎಂಬುದು ಅವರ ವಾದವಾಗಿತ್ತು. 1980ರ ದಶಕದಲ್ಲಿ ನೀರೊಳಗೆ ಧ್ವನಿಗ್ರಾಹಕಗಳನ್ನು ಇಳಿಬಿಟ್ಟಾಗ ಬೇಟೆಗಾರರ ಮಾತೇ ನಿಜವಾಯಿತು. ಉಪಕರಣ ವಿಜ್ಞಾನದ್ದು, ಅದನ್ನು ಎಲ್ಲಿಡಬೇಕೆಂಬ ಅರಿವು ಕಡಲ ಮಕ್ಕಳದು. 2011ರ ಎಣಿಕೆಯ ಅಂದಾಜು 16,000 ದಾಟಿತು.

ಅದೇ 2011ರಲ್ಲಿ ಬಂದ ಜೋಯಲ್ ಹೀತ್ ನಿರ್ದೇಶನದ 'ಪೀಪಲ್ ಆಫ್ ಎ ಫೆದರ್' ಸಾಕ್ಷ್ಯಚಿತ್ರ ಈ ಪಾಠವನ್ನು ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ಮುಂದುವರಿಸುತ್ತದೆ. ಸನಿಕಿಲುವಾಕ್ ಊರಿನವರಿಗೆ ಐಡರ್ ಬಾತುಗಳೇ ಅನ್ನ, ಅವುಗಳ ಗರಿಯೇ ಅಂಗಿ. ಚಳಿಗಾಲದಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟುಗಳು ಬಿಡುವ ಸಿಹಿನೀರು ಕಡಲ ಮೇಲ್ಪದರ ಸೇರಿ ಬೇಗ ಹೆಪ್ಪುಗಟ್ಟುತ್ತದೆ. ಬಾತುಗಳು ಬದುಕುವ ತೆರೆದ ನೀರಿನ ಕಿಂಡಿಗಳು ಮುಚ್ಚುತ್ತವೆ. ಇಲ್ಲಿ ಬೇಟೆಗಾರ ವಿಜ್ಞಾನಿಯ ಪರ ಸಾಕ್ಷಿ ಹೇಳಲು ಬಂದವನಲ್ಲ, ಅವನೂ ಸಂಶೋಧಕನೇ. ಚಿತ್ರದ ಶಕ್ತಿ ಇದು. ಆದರೆ ಹಿಂದಿನ ಬದುಕನ್ನು ಮರುನಟಿಸಿದ ದೃಶ್ಯಗಳ ಸೊಬಗು ಅಣೆಕಟ್ಟಿನ ರಾಜಕಾರಣದ ಕಹಿಯನ್ನು ಕೊಂಚ ಮರೆಸುತ್ತದೆಂಬ ಅತೃಪ್ತಿ ನಮಗುಳಿಯಿತು.

ಈ ಕೆಲಸದ ಬೆನ್ನಿಗೇ ರೂಪುಗೊಂಡ ಆರ್ಕ್ಟಿಕ್ ಐಡರ್ ಸೊಸೈಟಿ 2019ರಲ್ಲಿ 'ಸಿಕು' ಎಂಬ ಮೊಬೈಲ್ ಆ್ಯಪನ್ನು ಹೊರತಂದಿತು. ಸಿಕು ಎಂದರೆ ಕಡಲ ಹಿಮ. ಹಿಮದ ಸ್ಥಿತಿ, ಪ್ರಾಣಿಗಳ ಸುಳಿವು, ಜಾಗದ ಹೆಸರುಗಳನ್ನು ಜನ ತಮ್ಮ ನುಡಿಯಲ್ಲೇ ದಾಖಲಿಸುತ್ತಾರೆ. ಮಾಹಿತಿಯ ಒಡೆತನವೂ ಅವರದೇ. ಎಳೆಯರಿಗೆ ಉಪಗ್ರಹದ ಚಿತ್ರವೂ ಹಿರಿಯರ ಮಾತೂ ಒಟ್ಟಿಗೆ ಸಿಗುತ್ತವೆ.

ಒಡೆತನದ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕೆನಡಾದ ವಸತಿ ಶಾಲೆಗಳು ಇನುಯಿಟ್ ಮಕ್ಕಳನ್ನು ಹೆತ್ತವರಿಂದ ಅಗಲಿಸಿ, ತಾಯ್ನುಡಿ ಆಡಿದ್ದಕ್ಕೆ ದಂಡಿಸಿದವು. ಸರ್ಕಾರ 2008ರಲ್ಲಿ ಕ್ಷಮೆ ಕೇಳಿತು. ಕತ್ತರಿಸಿದ್ದು ಶಾಲೆ; ಈಗ ಹೊಲಿಯಬೇಕಾದದ್ದೂ ಶಾಲೆಯೇ. ಅಜ್ಜನ ಮಾತು ಪಠ್ಯದ ಅಂಚಿನ ಚೌಕಟ್ಟಿನಲ್ಲಿ ಅಚ್ಚಾಗಿ, ಪರೀಕ್ಷೆಯ ಪ್ರಶ್ನೆಗಳೆಲ್ಲ ಬೇರೆಡೆಯಿಂದ ಬಂದರೆ ಅದು ಬೆಸುಗೆಯಲ್ಲ, ತೇಪೆ.

ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಕತೆ ಬರೆಯುವ ನಮಗೆ ಈ ವ್ಯತ್ಯಾಸ ಗೊತ್ತು. ನಾನಿಯ ಮಾತು ಕನ್ನಡಕ್ಕೆ ಬರುವಾಗ ಅರ್ಥ ಬಂದರೆ ಸಾಲದು, ಮಾತಾಡುವ ಹಕ್ಕು ನಾನಿಯ ಬಳಿಯೇ ಉಳಿಯಬೇಕು. ಕಡಲಿನ ವಿಷಯದಲ್ಲೂ ಅಷ್ಟೇ.