‘ಮೊದಲು’ ಮತ್ತು ‘ನಂತರ’ದ ನಡುವೆ

ಸೌಂದರ್ಯ ಶಸ್ತ್ರಚಿಕಿತ್ಸೆಯ ಜಾಹೀರಾತುಗಳ ವ್ಯಾಕರಣ ಬಹಳ ಸರಳವಾದುದು. ಎಡಗಡೆ ‘ಮೊದಲು’, ಬಲಗಡೆ ‘ನಂತರ’. ಎಡಗಡೆಯ ಹೆಣ್ಣಿಗೆ ಮಂಕು ಬೆಳಕು, ಬಿಗಿದ ತುಟಿ. ಬಲಗಡೆಯವಳಿಗೆ ಹಿತವಾದ ಬೆಳಕು, ತುಸು ನಗೆ, ಒಪ್ಪವಾದ ಉಡುಪು. ಇದರಲ್ಲಿ ವೈದ್ಯನ ಕೈಚಳಕವೆಷ್ಟು, ಛಾಯಾಗ್ರಾಹಕನದೆಷ್ಟು ಎಂದು ಬೇರ್ಪಡಿಸುವುದು ನೋಡುವವರಿಗೆ ಸಾಧ್ಯವಿಲ್ಲ. ಎರಡು ಚಿತ್ರಗಳ ನಡುವಿನ ತೆಳು ಗೆರೆಯಲ್ಲಿ ಅರಿವಳಿಕೆ, ಹೊಲಿಗೆ, ಬಾವು, ವಾರಗಟ್ಟಲೆಯ ನೋವು ಎಲ್ಲವೂ ಮಾಯವಾಗಿರುತ್ತವೆ. ಸುಲಭ ಕಂತುಗಳ ವಿವರ ಮಾತ್ರ ಸ್ಪಷ್ಟವಾಗಿರುತ್ತದೆ.

ಈ ವಿದ್ಯೆಯ ಹುಟ್ಟು ಇಂಥದ್ದಲ್ಲ. ಕತ್ತರಿಸಿದ ಮೂಗನ್ನು ಮರಳಿ ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೇನೆಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡವನು ಕವಾಸಜಿ; ಆಂಗ್ಲ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದವನು. ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಮಾಡಿದ ವರದಿ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝಿನ್’ನಲ್ಲಿ ಪ್ರಕಟವಾಗಿ ಯುರೋಪಿನ ವೈದ್ಯರ ಕುತೂಹಲ ಕೆರಳಿಸಿತು. ಸುಟ್ಟ ಗಾಯದವರಿಗೆ, ಸೀಳುತುಟಿಯ ಮಕ್ಕಳಿಗೆ ಇದೇ ವಿದ್ಯೆ ಇಂದಿಗೂ ವರದಾನ. ಅಲ್ಲಿ ಗಾಯ ಮೊದಲು, ವೈದ್ಯ ನಂತರ. ಜಾಹೀರಾತಿನಲ್ಲಾದರೋ ವೈದ್ಯ ಮೊದಲೇ ಸಿದ್ಧನಾಗಿ ಕುಳಿತಿದ್ದಾನೆ, ಗಾಯವನ್ನು ಹುಟ್ಟಿಸಬೇಕಾಗಿದೆ.

ಹುಟ್ಟಿಸುವ ಬಗೆಯನ್ನು ‘ಮಮ್ಮಿ ಮೇಕೋವರ್’ ಎಂಬ ಹೆಸರೇ ಹೇಳುತ್ತದೆ. ಹೆತ್ತ ಹೊಟ್ಟೆ, ಹಾಲೂಡಿದ ಎದೆ, ಇವೆರಡನ್ನೂ ರಿಪೇರಿಗೆ ಬಂದ ಸಾಮಾನಿನಂತೆ ಕಾಣುವ ಭಾಷೆ ಇದು. ತನ್ನ ಶರೀರವನ್ನು ಪರರಿಗಾಗಿ ಮುರಿದು ಕೊಟ್ಟವನನ್ನು ಪ್ರತಿ ಬಲಿಪೂಜೆಯಲ್ಲಿ ಸ್ಮರಿಸುವ ನಮಗೆ, ಮಗುವಿಗಾಗಿ ಸವೆದ ಶರೀರ ‘ಕೆಟ್ಟುಹೋದ’ ಶರೀರವೆನಿಸುವುದಾದರೂ ಹೇಗೆ? ಪುನರುತ್ಥಾನದ ಮಹಿಮೆಯಲ್ಲೂ ಪ್ರಭುವಿನ ಗಾಯದ ಗುರುತುಗಳು ಅಳಿಯಲಿಲ್ಲವೆಂಬುದನ್ನು ಸಂತ ಯೊವಾನ್ನನು ಮರೆಯದೆ ದಾಖಲಿಸಿದ್ದಾನೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕನ್ನಡ ಕಿರುತೆರೆ ನಟಿಯೊಬ್ಬರು ತೀರಿಕೊಂಡರು. ‘ಆಕೆಗೆ ಇದೆಲ್ಲ ಏಕೆ ಬೇಕಿತ್ತು?’ ಎಂದು ಕೇಳುವುದು ಬಹಳ ಸುಲಭ. ದಪ್ಪಗಿದ್ದವಳಿಗೆ ಹಾಸ್ಯದ ಪಾತ್ರವನ್ನೇ ಮೀಸಲಿಟ್ಟು ನಗುವ ಪ್ರೇಕ್ಷಕರಾದ ನಾವು ಆ ಪ್ರಶ್ನೆಯನ್ನು ಯಾವ ಮುಖದಿಂದ ಕೇಳುವುದು? ವೈದ್ಯರು ರೋಗಿಗಳನ್ನು ಜಾಹೀರಾತಿನ ಮೂಲಕ ಸೆಳೆಯುವುದು ಅನೈತಿಕವೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಖಚಿತವಾಗಿ ಹೇಳಿದೆ. ಜಾಹೀರಾತುಗಳು ಮಾತ್ರ ನಿಂತಿಲ್ಲ.

ಧರ್ಮಸಭೆಯ ಉತ್ತರವೂ ಹಲವು ವೇಳೆ ಗುರಿ ತಪ್ಪಿದೆ. ಮೂರನೆಯ ಶತಮಾನದ ಆರಂಭದಲ್ಲೇ ತೆರ್ತುಲ್ಲಿಯನನು ಸ್ತ್ರೀಯರ ಅಲಂಕಾರವನ್ನು ಖಂಡಿಸಿ ಬರೆದ. ಅಂದಿನಿಂದ ಪ್ರಬೋಧನೆಗಳಲ್ಲಿ ಬೈಗುಳವೆಲ್ಲ ಕನ್ನಡಿಯ ಮುಂದೆ ನಿಂತವಳಿಗೇ ಮೀಸಲು. ಕನ್ನಡಿಯನ್ನು ಮಾರುವವನಿಗೆ ಒಂದು ಮಾತೂ ಇಲ್ಲ. ದೇಹವನ್ನು ತುಚ್ಛವೆಂದು ಸಾರುವ ಉಪದೇಶಕ್ಕೂ, ಇರುವ ದೇಹ ಸಾಲದೆನ್ನುವ ಜಾಹೀರಾತಿಗೂ ಹೆಚ್ಚಿನ ಅಂತರವಿಲ್ಲವೆಂದೇ ನನ್ನ ಎಣಿಕೆ. ದೇವರು ತಾನು ಸೃಷ್ಟಿಸಿದ್ದನ್ನು ಒಳ್ಳೆಯದೆಂದು ಕಂಡನೆಂಬ ಆದಿಕಾಂಡದ ಸಾಕ್ಷ್ಯವನ್ನು ಎರಡೂ ಒಪ್ಪುವುದಿಲ್ಲ.

ಮಾರುವವನು ದೂರದಲ್ಲೇನೂ ಇಲ್ಲ. ಕ್ರೈಸ್ತ ಪತ್ರಿಕೆಗಳ ವಿವಾಹ ಅಂಕಣಗಳಲ್ಲಿಯೂ ‘ಬೆಳ್ಳಗೆ, ತೆಳ್ಳಗಿರುವ ವಧು ಬೇಕಾಗಿದ್ದಾಳೆ’ ಎಂಬ ಸಾಲು ಕಾಣುತ್ತದೆ. ಅದನ್ನು ಹಣ ತೆತ್ತು ಹಾಕಿಸುವವರು ಯಾವ ಚಿಕಿತ್ಸಾಲಯದವರೂ ಅಲ್ಲ, ನಮ್ಮ ನಮ್ಮ ಧರ್ಮಕೇಂದ್ರಗಳ ತಂದೆತಾಯಂದಿರು. ಅಂಥ ಸಾಲನ್ನು ಅಚ್ಚಿಗೆ ಕಳಿಸದೆ ಹಿಂದಿರುಗಿಸುವ ಅಧಿಕಾರ ಪ್ರತಿಯೊಬ್ಬ ಸಂಪಾದಕರಿಗೂ ಇದೆ.