ತಿಕ್ಕಿ ತಿಕ್ಕಿ ಸವೆಯುವ ಹೊಳಪು

ಬೆಳಗಿನ ಜಾವ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದರೂ, ಮೈಸೂರು, ಹುಬ್ಬಳ್ಳಿಯ ಯಾವ ಬಡಾವಣೆಯ ರಸ್ತೆಯಲ್ಲಿ ನಡೆದರೂ ಈ ಕೆಲಸ ನಡೆದೇ ಇರುತ್ತದೆ. ರಾತ್ರಿ ಕೂತ ಧೂಳಿನ ಮೇಲೆ ಒಂದು ಒಣಬಟ್ಟೆ ಬಾನೆಟ್‌ನಿಂದ ಡಿಕ್ಕಿಯವರೆಗೆ ಸರಸರ ಓಡುತ್ತದೆ. ಬಟ್ಟೆ ಹಳೆಯ ಬನಿಯನ್ ಇರಬಹುದು, ಹರಿದ ಪಂಚೆ ಇರಬಹುದು, ಅಂಗಡಿಯಿಂದ ತಂದ ಹಳದಿ ಫ್ಲಾನೆಲ್ ಇರಬಹುದು. ಐದು ನಿಮಿಷದಲ್ಲಿ ಕಾರು ಥಳಥಳ. ದಿನಾ ಹೀಗೆ ಒರೆಸುವವರನ್ನು ಕಾರಿನ ಬಗ್ಗೆ ಕಾಳಜಿ ಇರುವವರು ಎನ್ನುತ್ತೇವೆ. ಈ ಪದ್ಧತಿಯನ್ನು ಹತ್ತಿರದಿಂದ ನೋಡುತ್ತ ಬಂದ ನನ್ನ ಅಭಿಪ್ರಾಯ ಬೇರೆ. ಕಾರಿನ ಬಣ್ಣಕ್ಕೆ ಮನೆಯಲ್ಲೇ ಆಗುವ ಹಾನಿಯಲ್ಲಿ ದೊಡ್ಡ ಪಾಲು ಈ ಒಣಬಟ್ಟೆಯದು. ಆ ಹಾನಿಯನ್ನು ಮರೆಸಲು ವರ್ಷಕ್ಕೊಮ್ಮೆ ಹೊಡೆಸುವ ರಬ್ಬಿಂಗ್ ಪಾಲಿಶ್‌ಗೆ ಎರಡನೆಯ ಸ್ಥಾನ.

ಯಾಕೆ ಎಂದು ತಿಳಿಯಲು ಬಣ್ಣ ಹೇಗೆ ಕೂತಿದೆ ಎಂಬುದನ್ನು ನೋಡಬೇಕು. ಇಂದಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದನ್ನು ನುಣುಪು ಮಾಡುವ ಇನ್ನೊಂದು ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಶೋರೂಮಿನಲ್ಲಿ ನಮ್ಮನ್ನು ಮರುಳು ಮಾಡಿದ ಹೊಳಪೆಲ್ಲ ಈ ತೆಳ್ಳನೆಯ ಪದರದ್ದು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳಿರುವುದೂ ಇದರಲ್ಲೇ. ನಾವು ತೊಳೆಯುವುದು, ಒರೆಸುವುದು, ತಿಕ್ಕುವುದು ಇದೊಂದನ್ನೇ. ಕೆಳಗಿನ ಬಣ್ಣವನ್ನು ನಮ್ಮ ಕೈ ಮುಟ್ಟುವುದೇ ಇಲ್ಲ.

ಇನ್ನು ಧೂಳು. ನಮ್ಮ ರಸ್ತೆಯ ಧೂಳಿನಲ್ಲಿ ಸ್ಫಟಿಕಶಿಲೆಯ ಕಣಗಳು ಧಾರಾಳ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದಕ್ಕೆ 7ನೇ ಸ್ಥಾನ, ಗಾಜನ್ನೂ ಗೀರಬಲ್ಲದು. ಕ್ಲಿಯರ್ ಕೋಟ್ ಎಂಬುದು ಒಂದು ಬಗೆಯ ಪ್ಲಾಸ್ಟಿಕ್. ಇದರ ಮೇಲೆ ಆ ಕಣಗಳನ್ನು ಬಟ್ಟೆಯಿಂದ ಒತ್ತಿ ಎಳೆದರೆ ಏನಾಗುತ್ತದೆಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ರಾತ್ರಿ ಪಾರ್ಕಿಂಗ್‌ನಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ ಬಾನೆಟ್‌ಗೆ ಓರೆಯಾಗಿ ಹಿಡಿದರೆ ಸಾಕು. ಬೆಳಕಿನ ಚುಕ್ಕೆಯ ಸುತ್ತ ಜೇಡರಬಲೆಯಂಥ ಸಣ್ಣ ಗೀರುಗಳು ವರ್ತುಲ ವರ್ತುಲವಾಗಿ ಏಳುತ್ತವೆ. ಟಾರ್ಚ್ ಸರಿಸಿದರೆ ಬಲೆಯೂ ಸರಿಯುತ್ತದೆ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡ ಬಂದವಷ್ಟೇ ಕಣ್ಣಿಗೆ ಹೊಳೆಯುವುದರಿಂದ ವರ್ತುಲದಂತೆ ಕಾಣುತ್ತವೆ. ಕಪ್ಪು, ಕಡುನೀಲಿ ಕಾರುಗಳಲ್ಲಿ ಇದು ಹಗಲಲ್ಲೇ ಎದ್ದು ಕಾಣುತ್ತದೆ. ಬಿಳಿ ಕಾರಿನವರು ತಮ್ಮ ಕಾರಿಗೆ ಏನೂ ಆಗಿಲ್ಲ ಎಂದುಕೊಂಡಿರುತ್ತಾರೆ. ಆಗಿರುತ್ತದೆ, ಕಾಣುವುದಿಲ್ಲ ಅಷ್ಟೆ. ಸಂಡೂರು, ಹೊಸಪೇಟೆ ಕಡೆ ಅದಿರು ಲಾರಿಗಳ ಹಿಂದೆ ಓಡಾಡಿ ಕೆಂಪು ಧೂಳು ಹೊದ್ದುಬಂದ ಕಾರಿಗಂತೂ ಒಣಬಟ್ಟೆ ಮುಟ್ಟಿಸಲೇಬಾರದು.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ಯೋಚಿಸಿದಾಗ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲಕ್ಕೆ ಹೋಗಬೇಕಾಗುತ್ತದೆ. ಆ ಕಾರುಗಳಿಗೆ ಪ್ರತ್ಯೇಕ ಕ್ಲಿಯರ್ ಕೋಟ್ ಇರಲಿಲ್ಲ. ಮೇಲಿನ ಪದರವೇ ಬಣ್ಣ. ನಾಲ್ಕು ಬೇಸಗೆ ಕಳೆಯುವಷ್ಟರಲ್ಲಿ ಬಿಸಿಲಿಗೆ ಅದರ ಮೇಲ್ಮೈ ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗಿ ಮಂಕಾಗುತ್ತಿತ್ತು. ಆಗ ಗ್ಯಾರೇಜಿನವರು ಬನಿಯನ್ ವೇಸ್ಟಿಗೆ ಕಾಂಪೌಂಡ್ ಹಚ್ಚಿ ತಿಕ್ಕಿದರೆ ಸತ್ತ ಬಣ್ಣ ಬಟ್ಟೆಗೆ ಬಂದು, ಕೆಳಗಿನ ಹೊಸ ಬಣ್ಣ ಮಿಂಚುತ್ತಿತ್ತು. ಆ ಕಾಲಕ್ಕೆ, ಆ ಬಣ್ಣಕ್ಕೆ ಅದು ಸರಿಯಾದ ಚಿಕಿತ್ಸೆಯೇ. ನಮ್ಮ ತಂದೆಯ ತಲೆಮಾರಿನವರು ಅದನ್ನು ಶ್ರದ್ಧೆಯಿಂದ ಮಾಡಿದರು, ನಮಗೂ ಕಲಿಸಿದರು. ಬಣ್ಣದ ರಚನೆ ಬದಲಾಯಿತು, ತಿಕ್ಕುವ ಶ್ರದ್ಧೆ ಮಾತ್ರ ಹಾಗೇ ಉಳಿಯಿತು. ಹತ್ತು ಹನ್ನೆರಡು ವರ್ಷದ ಕಾರುಗಳ ಟಾಪ್ ಮತ್ತು ಬಾನೆಟ್ ಮೇಲೆ ಬಿಳಿ ತೇಪೆಯಂತೆ ಸುಲಿದು ನಿಂತ ಜಾಗ ನೋಡಿರುತ್ತೀರಿ. ಕ್ಲಿಯರ್ ಕೋಟ್ ಸತ್ತ ಗುರುತು ಅದು. ಬಿಸಿಲು ಅದಕ್ಕೆ ಮೊದಲ ಕಾರಣ. ಮೇಲಿಂದ ಮೇಲೆ ಕಾಂಪೌಂಡ್ ಹೊಡೆಸಿ ಪದರ ತೆಳುವಾಗಿದ್ದರೆ ಬಿಸಿಲಿನ ಕೆಲಸ ಇನ್ನೂ ಸುಲಭ. ಒಮ್ಮೆ ಹಾಗಾದ ಮೇಲೆ ಯಾವ ಪಾಲಿಶ್ ಕೂಡ ಉಪಯೋಗಕ್ಕೆ ಬರುವುದಿಲ್ಲ. ಆ ಭಾಗಕ್ಕೆ ಪೇಂಟ್ ಹೊಡೆಸಬೇಕು.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ಮುಕ್ಕಾಲು ಪಾಲು ಉತ್ತರ ತೊಳೆಯುವುದರಲ್ಲೇ ಇದೆ. ಎರಡು ಬಕೆಟ್ ಪದ್ಧತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಕಾರಿನ ಮೇಲೆಲ್ಲ ನೀರು ಹಾಕಿ ಸಡಿಲ ಮಣ್ಣನ್ನು ತಾನಾಗಿ ಇಳಿಯಬಿಡಬೇಕು. ಆಮೇಲೆ ಮೈಕ್ರೋಫೈಬರ್ ಕೈಗವಸನ್ನು ಶಾಂಪೂ ನೀರಲ್ಲಿ ಅದ್ದಿ ಟಾಪ್‌ನಿಂದ ಶುರುಮಾಡಿ, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗಿನ ಅಂಚು ಎಂದು ಇಳಿಯುತ್ತ ಬರಬೇಕು. ಒತ್ತಬಾರದು, ಕೈಗವಸಿನ ಭಾರವೇ ಸಾಕು. ಒಂದೊಂದು ಭಾಗ ಮುಗಿದ ಕೂಡಲೇ ಅದನ್ನು ಬರೀ ನೀರಿನ ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂಗೆ ಅದ್ದಬೇಕು. ಕೆಲಸ ಮುಗಿದ ಮೇಲೆ ಜಾಲಿಸಿದ ಬಕೆಟ್ಟಿನ ತಳ ನೋಡಿ. ಅಲ್ಲಿ ಕೂತ ಮರಳು ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಮತ್ತೆ ಕಾರಿನ ಮೈಮೇಲೇ ಹೋಗುತ್ತಿತ್ತು. ಚಕ್ರಕ್ಕೆ ಬೇರೆ ಬಟ್ಟೆ. ಚಕ್ರದ ಬಟ್ಟೆ ಯಾವ ಕಾರಣಕ್ಕೂ ಬಾಗಿಲಿಗೆ ಬರಕೂಡದು, ಏಕೆಂದರೆ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಅದರಲ್ಲಿರುತ್ತದೆ.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡನ್ನೂ ಬಿಡುವುದು ಒಳ್ಳೆಯದು. ಜಿಡ್ಡು ತೆಗೆಯಲೆಂದೇ ಮಾಡಿದ ಪದಾರ್ಥಗಳವು. ಹಚ್ಚಿದ ವ್ಯಾಕ್ಸನ್ನೂ ತೆಗೆದುಹಾಕುತ್ತವೆ.

ಒರೆಸುವ ಹಂತ ನಮ್ಮಲ್ಲಿ ವಿಶೇಷ ಎಚ್ಚರ ಬೇಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಬಿಸಿಲಲ್ಲಿ ಹನಿ ಆರಿದರೆ ನೀರು ಹೋಗಿ ಲವಣದ ಬಿಳಿ ಉಂಗುರ ಉಳಿಯುತ್ತದೆ. ಅದೇ ದಿನವಾದರೆ ನೀರು ಬೆರೆಸಿದ ಬಿಳಿ ವಿನಿಗರ್‌ನಿಂದ ಬಿಡುತ್ತದೆ. ವಾರಗಟ್ಟಲೆ ಬಿಟ್ಟರೆ ಕ್ಲಿಯರ್ ಕೋಟನ್ನೇ ತಿನ್ನುತ್ತದೆ. ಆದ್ದರಿಂದ ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆದು, ದಪ್ಪ ಮೈಕ್ರೋಫೈಬರ್ ಟವೆಲನ್ನು ಹರಡಿ ಮೆಲ್ಲಗೆ ಎಳೆದು ನೀರು ಹೀರಿಸಬೇಕು. ಮನೆಗೆ ಬರುವ ನೀರು ತುಂಬ ಗಡಸಾಗಿದ್ದರೆ ಕೊನೆಯ ಸಲ ಜಾಲಿಸುವುದಕ್ಕಷ್ಟೇ ಮಳೆನೀರನ್ನೋ ಒಳ್ಳೆಯ ನೀರನ್ನೋ ಒಂದೆರಡು ಮಗ್ ಬಳಸಿದರೂ ವ್ಯತ್ಯಾಸ ಕಾಣುತ್ತದೆ.

ನೀರಿನ ಮಾತು ಬಂದಾಗ ಹೇಳಲೇಬೇಕು. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೇರಿಸಿದ ಕಾವೇರಿ ನೀರನ್ನು ಚಕ್ರದ ಮಣ್ಣಿಗೆ ಸುರಿಯುವುದನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ನಿಮಿಷಕ್ಕೆ ಹತ್ತು ಲೀಟರ್ ಬರುವ ಪೈಪನ್ನು ಇಪ್ಪತ್ತು ನಿಮಿಷ ಬಿಟ್ಟರೆ 200 ಲೀಟರ್ ಚರಂಡಿ ಸೇರುತ್ತದೆ. ಅಷ್ಟು ನೀರಿನಲ್ಲಿ ಬಕೆಟ್ ಪದ್ಧತಿಯಲ್ಲಿ ನಾಲ್ಕು ಸಲ ತೊಳೆಯಬಹುದು. ಇನ್ನೂ ಮಿತವ್ಯಯ ಬೇಕೆಂದರೆ ಜಾಲಿಸದೆ ತೊಳೆಯುವ ದ್ರಾವಣಗಳಿವೆ. ಅಮೆರಿಕದ ಆಪ್ಟಿಮಮ್ ಕಂಪನಿಯ ‘ನೋ ರಿನ್ಸ್’ ಇದರಲ್ಲಿ ಹೆಸರಾದದ್ದು. ಒಂದು ಪಾಲಿಗೆ 256 ಪಾಲು ನೀರು, ಅಂದರೆ ಅರ್ಧ ಬಕೆಟ್ಟಿಗೆ ಸುಮಾರು 30 ಮಿಲಿಲೀಟರ್. ಅದರಲ್ಲಿರುವ ಪಾಲಿಮರ್‌ಗಳು ಧೂಳಿನ ಕಣವನ್ನು ಸುತ್ತುವರಿದು ಜಾರುವಂತೆ ಮಾಡುತ್ತವೆ. ಹಲವು ಬಟ್ಟೆಗಳನ್ನು ಅದ್ದಿಟ್ಟುಕೊಂಡು, ಒಂದು ಭಾಗಕ್ಕೆ ಒಂದು ಮಗ್ಗುಲಿನಂತೆ ಮಡಿಕೆ ಬದಲಿಸುತ್ತ ಒರೆಸಬೇಕು. ನಗರದ ಧೂಳಿಗೆ ಇದು ಒಣಬಟ್ಟೆಗಿಂತ ಎಷ್ಟೋ ಪಾಲು ಮೇಲು. ಮಳೆಗಾಲದಲ್ಲಿ ಮಲೆನಾಡಿನ ರಸ್ತೆಯಿಂದ ಗಟ್ಟಿ ಕೆಸರು ಹೊತ್ತು ಬಂದ ಕಾರಿಗೆ ಇದು ಸಾಲದು. ಮೊದಲು ನೀರು ಹೊಡೆದು ಕೆಸರು ಇಳಿಸಲೇಬೇಕು. ಅದಕ್ಕೆ ವಾಟರ್ ಸರ್ವಿಸ್‌ಗೆ ಬಿಟ್ಟರೆ, ನೀರು ಹೊಡೆದ ಮೇಲೆ ಅಲ್ಲಿನ ಸ್ಪಂಜು ಮುಟ್ಟಿಸಬೇಡಿ ಎಂದು ಮೊದಲೇ ಹೇಳಿಬಿಡಿ.

ಪಾಲಿಶ್‌ಗೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಿಂದ ಮಾರುತ್ತಾರೆ. ಕಾಂಪೌಂಡ್ ಮತ್ತು ಪಾಲಿಶ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಉಜ್ಜುವ ಪುಡಿ ಇರುತ್ತದೆ. ಅವು ಕ್ಲಿಯರ್ ಕೋಟನ್ನು ಸವೆಸಿ, ಗೀರಿನ ಅಂಚುಗಳನ್ನು ಸಮ ಮಾಡಿ ಹೊಳಪು ತರುತ್ತವೆ. ವ್ಯಾಕ್ಸ್ ಮತ್ತು ಸೀಲೆಂಟ್‌ಗಳು ಏನನ್ನೂ ತೆಗೆಯುವುದಿಲ್ಲ, ಮೇಲೊಂದು ಹೊದಿಕೆ ಹಾಕುತ್ತವೆ. ಮೊದಲನೆಯದು ಖರ್ಚು, ಎರಡನೆಯದು ಉಳಿತಾಯ. ಖರ್ಚಿನ ಕೆಲಸವನ್ನು ವರ್ಷವರ್ಷ ಮಾಡಿಸಿ, ಉಳಿತಾಯದ ಕೆಲಸವನ್ನು ಮರೆಯುವುದು ನಮ್ಮ ದೊಡ್ಡ ದೋಷ. ಕಾಂಪೌಂಡ್‌ಗೆ ಕೈಹಾಕುವ ಮೊದಲು ಉಗುರನ್ನು ಗೀರಿನ ಮೇಲೆ ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಗೀರು ಆಳ ಇದೆ, ತಿಕ್ಕಿ ಹೋಗುವಂಥದ್ದಲ್ಲ, ಟಚಪ್ಪೇ ದಾರಿ.

ತೊಳೆದು ಆರಿದ ಬಾನೆಟ್ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕವರಿನೊಳಗೆ ಬೆರಳು ತೂರಿಸಿ ಸವರಿದರೆ, ಬರಿಗೈಗೆ ನುಣುಪೆನಿಸಿದ ಜಾಗವೂ ತರಿತರಿಯಾಗಿ ತಾಗುತ್ತದೆ. ಕಬ್ಬಿಣದ ಪುಡಿ, ಡಾಂಬರಿನ ಹನಿ, ಯಾರದೋ ಗೇಟಿಗೆ ಹೊಡೆದ ಪೇಂಟಿನ ಸಿಂಪಡಿಕೆ ಅಲ್ಲಿ ಕಚ್ಚಿ ಕೂತಿರುತ್ತವೆ. ಶಾಂಪೂ ನೀರು ಸಿಂಪಡಿಸುತ್ತ ಕ್ಲೇ ಬಾರ್ ಎಂಬ ಜೇಡಿಯಂಥ ಉಂಡೆಯನ್ನು ಜಾರಿಸಿದರೆ ಅವೆಲ್ಲ ಅದಕ್ಕೆ ಅಂಟಿ ಬರುತ್ತವೆ. ಕ್ಲೇ ಕೂಡ ಸಣ್ಣ ಗುರುತು ಬಿಡಬಲ್ಲದು, ಆದ್ದರಿಂದ ವರ್ಷಕ್ಕೊಮ್ಮೆ ಸಾಕು. ಉಂಡೆ ನೆಲಕ್ಕೆ ಬಿದ್ದರೆ ಎಸೆದುಬಿಡಬೇಕು. ಆಮೇಲೆ ಗೀರುಗಳು ಕಣ್ಣು ಚುಚ್ಚುವಷ್ಟಿದ್ದರೆ ಮಾತ್ರ ಸಣ್ಣ ಪುಡಿಯ ಪಾಲಿಶನ್ನು ಕಡಲೆಕಾಳಿನಷ್ಟು ಸ್ಪಂಜಿನ ಬಿಲ್ಲೆಗೆ ಹಾಕಿಕೊಂಡು, ಒಂದೂವರೆ ಅಡಿ ಚೌಕವನ್ನು ಮುಗಿಸಿ ಮುಂದಿನದಕ್ಕೆ ಹೋಗಬೇಕು. ಕೈಯಿಂದ ಮಾಡಿದರೆ ಆಳದ ಗೀರು ಹೋಗುವುದಿಲ್ಲ, ಮಂಕು ಹೋಗುತ್ತದೆ. ಹೆಚ್ಚಿನವರಿಗೆ ಅಷ್ಟೇ ಬೇಕಾಗಿರುತ್ತದೆ. ಮಷಿನ್ ಕೊಳ್ಳುವವರು ಸುತ್ತುತ್ತಲೇ ಅಲುಗುವ ಡ್ಯುಯಲ್ ಆಕ್ಷನ್ ಮಷಿನನ್ನೇ ಕೊಳ್ಳಲಿ. ಒಂದೇ ಸಮನೆ ತಿರುಗುವ ರೋಟರಿ ಮಷಿನ್ ಕಲಿಯದ ಕೈಯಲ್ಲಿ ಬಾಗಿಲಂಚಿನ ಬಣ್ಣವನ್ನು ಕ್ಷಣದಲ್ಲಿ ಸುಡುತ್ತದೆ, ಏಕೆಂದರೆ ಅಂಚಿನಲ್ಲಿ ಬಣ್ಣ ಮೊದಲೇ ತೆಳು. ಮ್ಯಾಟ್ ಬಣ್ಣದ ಕಾರಿಗೆ ಇದ್ಯಾವುದೂ ಬೇಡ. ತಿಕ್ಕಿದ ಜಾಗ ಮಿಂಚಿ ಕಾರು ಕೆಡುತ್ತದೆ.

ಹೊದಿಕೆಗಳ ಪೈಕಿ ಬ್ರೆಜಿಲ್‌ನ ತಾಳೆಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೌಬಾ ವ್ಯಾಕ್ಸ್ ಕೊಡುವ ತುಂಬು ಹೊಳಪು ನನಗೆ ಇಷ್ಟ. ಆದರೆ ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಅಲ್ಲಿಗೆ, ಉಪ್ಪುಗಾಳಿಯ ಮಂಗಳೂರು, ಕಾರವಾರಕ್ಕೆ ಸಿಂಥೆಟಿಕ್ ಸೀಲೆಂಟ್ ವಾಸಿ. ಕಾರು ಕೊಳ್ಳುವಾಗ ಒತ್ತಾಯ ಮಾಡಿ ಸೇರಿಸುವ ಟೆಫ್ಲಾನ್ ಕೋಟಿಂಗ್ ನನ್ನ ಮಟ್ಟಿಗೆ ದಂಡ. ಟೆಫ್ಲಾನ್ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವಾದ ಮೇಲೆ ಅದನ್ನು ಬೇಯಿಸಿ ಕೂರಿಸುತ್ತಾರೆ, ಕಾರನ್ನು ಹಾಗೆ ಬೇಯಿಸಲಾಗದು. ಕಾರಿಗೆ ಸಿಗುವುದು ಕೆಲವು ತಿಂಗಳು ಬಾಳುವ ಸೀಲೆಂಟ್, ಅದನ್ನು ಮನೆಯಲ್ಲೇ ಒಂದು ಗಂಟೆಯಲ್ಲಿ ಹಚ್ಚಿಕೊಳ್ಳಬಹುದು. ಸೆರಾಮಿಕ್ ಕೋಟಿಂಗ್‌ಗೆ ನಿಜವಾದ ಗುಣವಿದೆ: ಕೊಳೆ ಬೇಗ ಬಿಡುತ್ತದೆ, ಹಕ್ಕಿ ಹಿಕ್ಕೆಗೆ ಸ್ವಲ್ಪ ತಡೆಯುತ್ತದೆ. ಆದರೆ ಜಾಹೀರಾತಿನ ‘9ಎಚ್’ ಪೆನ್ಸಿಲ್ ಗಡಸುತನದ ಅಳತೆ, ಖನಿಜದ್ದಲ್ಲ. ಧೂಳಿನ ಗೀರನ್ನು ಅದು ತಡೆಯುವುದಿಲ್ಲ. ಗೀರುಗಳ ಮೇಲೇ ಹಚ್ಚಿಸಿದರೆ ಅವು ಒಳಗೇ ಉಳಿಯುತ್ತವೆ.

ಹಕ್ಕಿ ಹಿಕ್ಕೆ, ಮಾವಿನ ಹೂಬಿಡುವ ಕಾಲದಲ್ಲಿ ಜಿಗಿಹುಳುಗಳು ಉದುರಿಸುವ ಅಂಟು, ಇವೆರಡನ್ನು ಅಂದೇ ತೆಗೆಯಬೇಕು. ಒದ್ದೆ ಬಟ್ಟೆಯನ್ನು ಐದು ನಿಮಿಷ ಹೊದಿಸಿಟ್ಟು ನೆನೆದ ಮೇಲೆ ಎತ್ತಿದರೆ ಉಜ್ಜುವ ಕೆಲಸವಿಲ್ಲ. ಆಯುಧಪೂಜೆಯ ಅರಿಶಿನ ಕುಂಕುಮಕ್ಕೂ ಇದೇ ಕ್ರಮ. ಸೇವಂತಿಗೆ ಹಾರವನ್ನು ತಂತಿಯಿಂದ ಕಟ್ಟಿಸಬೇಡಿ, ದಾರದಿಂದ ಕಟ್ಟಿಸಿ. ಗಾಳಿಗೆ ಹಾರ ಅಲುಗಿದಷ್ಟೂ ತಂತಿಯ ತುದಿ ಬಾನೆಟ್ಟನ್ನು ಗೀರುತ್ತದೆ.

ಕಾರು ಒರೆಸಲು ಬರುವವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಒಂದೇ ಬಕೆಟ್ಟಿನಲ್ಲಿ ಸಾಲು ಸಾಲು ಕಾರುಗಳನ್ನು ಬೆಳಕು ಹರಿಯುವ ಮೊದಲು ಮುಗಿಸಬೇಕೆಂದು ನಾವೇ ಕೇಳಿರುತ್ತೇವೆ, ಅದಕ್ಕೆ ತಕ್ಕಷ್ಟೇ ಕೊಟ್ಟಿರುತ್ತೇವೆ. ಅವರ ಹತ್ತಿರ ಮಾತಾಡಿ. ದಿನಾ ಒರೆಸುವುದು ಬೇಡ, ವಾರಕ್ಕೊಂದು ಸಲ ಸರಿಯಾಗಿ ತೊಳೆದರೆ ಸಾಕು, ಸಂಬಳ ಮಾತ್ರ ಅಷ್ಟೇ ಇರುತ್ತದೆ ಎಂದು ಹೇಳಿ. ನಿಮ್ಮ ಕಾರಿಗೆಂದೇ ಎರಡು ಬಕೆಟ್, ಮೈಕ್ರೋಫೈಬರ್ ಬಟ್ಟೆಗಳು, ಒಂದು ಶಾಂಪೂ ಬಾಟಲಿ ತಂದುಕೊಡಿ. ಹಳೆಯ ಒಣಬಟ್ಟೆಯನ್ನು ಇಸಿದುಕೊಂಡು ಚಕ್ರ ಒರೆಸುವುದಕ್ಕೆ ಇಟ್ಟುಬಿಡಿ.